ಗಾಳಿ ಬಾರದಾಗ

ಬ್ರೋಕನ್ ಹಿಲ್‌ನ ರೈಲ್ವೆ ಗೇಟಿನಲ್ಲಿ
ಅದಿರಿನ ಡಬ್ಬಿ ಎಣಿಸುತ್ತ ನಿಂತಿದ್ದೇನೆ:
ಮೂವತ್ತೊಂದು, ಮೂವತ್ತೆರಡು.
ಹೊರಗೆ ನಲವತ್ತನಾಲ್ಕು ಡಿಗ್ರಿ.
ಡ್ಯಾಶ್‌ಬೋರ್ಡಿನ ಮುಳ್ಳು
ಕೆಂಪು ಗೆರೆಯನ್ನು ಮೂಸಿ ನೋಡುತ್ತಿದೆ.

ಓಡುವಾಗ ಇದಕ್ಕೆ ಜ್ವರವಿಲ್ಲ, ನಿಂತರೇ ಕಾವು.
ಎಂಬತ್ತಮೂರರ ಫಾಲ್ಕನ್ ವ್ಯಾಗನ್ನು,
ಎಂಜಿನ್ನಿನ ಸೊಂಟಕ್ಕೇ ಕಟ್ಟಿದ ಫ್ಯಾನು:
ಅದು ಓಡಿದರೆ ಇದು ಓಡುತ್ತದೆ,
ಅದು ತೂಕಡಿಸಿದರೆ ಇದಕ್ಕೂ ನಿದ್ದೆ.
ಬೇಕಾದ ಹೊತ್ತಿಗೇ ಕೈಕೊಡುವ ನೆಂಟ.

ಗಾಳಿ ಬಂದಾಗ ತೂರಿಕೋ ಅಂದರು ಹಿರಿಯರು, ಸರಿ.
ಬಾರದಾಗ?
ಬಾರದಾಗ ಹೀಟರ್ ಹಾಕಬೇಕು,
ಎಂಜಿನ್ನಿನ ಉರಿಯನ್ನು ನಮ್ಮ ಮೊಣಕಾಲಿಗೆ ಇಳಿಸಿಕೊಂಡು
ಗೇಟು ತೆರೆಯುವ ತನಕ ಬೇಯಬೇಕು.
ಹಾಕಿದೆ. ಬ್ಲೋಯರ್ ಚೀರಿತು.
ಒಂದು, ಎರಡು, ಮೂರು ಎಂದೋ ಸುಟ್ಟುಹೋಗಿ
ಉಳಿದಿರುವುದು ನಾಲ್ಕನೆಯ ವೇಗ ಒಂದೇ.
ಮೌನ, ಇಲ್ಲವೇ ಕಿರುಚಾಟ, ನಡುವೆ ಮಾತಿಲ್ಲ.
ಇಂಥ ಮನೆಗಳಲ್ಲಿ ಊಟ ಮಾಡಿದ್ದೇನೆ.

ಗುಜರಿಯ ಮಿರ್ಕೊ ತೊಂಬತ್ತೇಳರ ಮಾಡೆಲ್ಲಿನಿಂದ
ಜೋಡಿ ಫ್ಯಾನು ಬಿಚ್ಚಿಕೊಟ್ಟ.
‘ಮೊಮ್ಮಗನದು, ಅಜ್ಜನಿಗೆ ಹೊಂದುತ್ತೆ.
ಆದರೆ ತಂತಿ ದಪ್ಪ ಇರಲಿ. ರಿಲೇ ಎರಡು.
ಫ್ಯೂಸು ಬ್ಯಾಟರಿಯ ಮಗ್ಗುಲಲ್ಲೇ.
ಆಲ್ಟರ್ನೇಟರ್ ಮುದುಕ, ಅವನ ಕೈಲಿ ಆಗಲ್ಲ.’
ತೊಂಬತ್ತು ಡಾಲರಿಗೆ ಅಂತ ಹೋದವಳು
ಮುನ್ನೂರ ಹತ್ತು ಕೊಟ್ಟು ಬಂದೆ.
ಒಂದಕ್ಕೆ ಉಣಿಸಿದರೆ ಪಕ್ಕದ್ದು ತಟ್ಟೆ ಹಿಡಿಯುತ್ತದೆ.

ಶನಿವಾರ ಕೂರಿಸಿದೆ. ಫ್ಯಾನು ಭೋರೆಂದಿತು, ನಾನು ಹಿಗ್ಗಿದೆ.
ಗ್ರಿಲ್ಲಿನ ಮುಂದೆ ಪೇಪರು ಹಿಡಿದರೆ
ಅಂಟಿಕೊಳ್ಳಬೇಕಾದದ್ದು
ಹಾರಿ ಬೇಲಿ ದಾಟಿತು.
ಪ್ಲಸ್ಸು ಮೈನಸ್ಸು ಅದಲುಬದಲು.
ಒಳಗೆ ಎಳೆಯಬೇಕಾದ ಗಾಳಿಯನ್ನು
ಅಷ್ಟೇ ಶ್ರದ್ಧೆಯಿಂದ ಊರಿಗೆಲ್ಲ ಊದುತ್ತಿತ್ತು.
ಯಾರೂ ನೋಡಿಲ್ಲ ತಾನೇ ಅಂತ ತಿರುಗಿದರೆ
ಬೇಲಿಯ ಮೇಲೆ ಗಲಾ ಗಿಳಿಗಳು, ಸಾಲಾಗಿ.

ಭಾನುವಾರ ಬ್ಲೋಯರಿನ ಸರದಿ.
ಕಾಲಿಡುವ ಜಾಗದಲ್ಲಿ ಅಂಗಾತ ಮಲಗಿ
ತುಕ್ಕು ಹಿಡಿದ ಮೂರು ತಿರುಪು ಬಿಚ್ಚಿದೆ.
ಮುಖದ ಮೇಲೆ ಸುರಿಯಿತು:
ಪೆಪ್ಪರ್ ಮರದ ಒಣ ಎಲೆ,
ಮಿಠಾಯಿ ಕಾಗದ, ಒಂದು ಗುಲಾಬಿ ಗರಿ,
ಮತ್ತೆ ದೂಳು. ಬೂದು ದೂಳು, ಹಿಟ್ಟಿನಷ್ಟು ನಯ.
ಈ ಊರಿನ ಕೆಂಪು ಮಣ್ಣಲ್ಲ ಅದು.
ಗಣಿಯಿಂದ ಅಂಗಿ ತೋಳಿನಲ್ಲಿ ಬಂದದ್ದು.

ಗಾಡಿ ಲೆಸ್ ಟ್ರೆವರೋನದು.
ಮೂವತ್ತು ವರ್ಷ ನೆಲದಡಿಗೆ ಇಳಿದವನು.
ನಾನು ಆಸ್ಪತ್ರೆಯ ಎಕ್ಸ್‌ರೇ ಕೋಣೆಯವಳು.
‘ಉಸಿರು ಎಳೆದುಕೊಳ್ಳಿ, ಹಿಡಿದಿಡಿ’ ಅಂದೆ ಅವನಿಗೆ, ಎರಡು ಸಲ.
ಎರಡೂ ಸಲ ಅರ್ಧಕ್ಕೇ ಕೆಮ್ಮಿದ.
ಮೂರನೆಯ ಸಲ ಹಿಡಿದ. ಪರದೆಯ ಮೇಲೆ
ಇದೇ ಬೂದು ಕಂಡೆ.
ಗಾಡಿ ಮಾರುವಾಗ ಡೊರೀನ್‌ಗೆ ಇದು ಗೊತ್ತಿರಲಿಲ್ಲ.
ನಾನೂ ಹೇಳಲಿಲ್ಲ. ಹೇಳುವ ಹಾಗೂ ಇಲ್ಲ.

ಎಲೆ ಕಾಗದ ಕಸಕ್ಕೆ ಹೋದವು.
ಗರಿಯನ್ನು ಸನ್‌ವೈಸರಿಗೆ ಸಿಕ್ಕಿಸಿದೆ.
ದೂಳನ್ನು ಏನು ಮಾಡಬೇಕೋ ತಿಳಿಯದೆ
ಒದ್ದೆ ಬಟ್ಟೆಯಲ್ಲಿ ಒರೆಸಿ
ಬಟ್ಟೆಯನ್ನು ತುಂಬ ಹೊತ್ತು ತೊಳೆದೆ.
ಹೊಸ ಮೋಟಾರು, ಹೊಸ ರೆಸಿಸ್ಟರು.
ಒಂದನೆಯ ವೇಗ ಬಂತು ನೋಡಿ,
ಮಲಗಿದ ಮಗುವಿಗೆ ಬೀಸಿದ ಹಾಗೆ.

ಅಮ್ಮ ಊದುಗೊಳವೆಯಿಂದ ಊದಿದರೆ ಒಲೆ ಉರಿಯುತ್ತಿತ್ತು,
ತುಟಿಯಿಂದ ಊದಿದರೆ ನನ್ನ ಹಾಲು ಆರುತ್ತಿತ್ತು.
ಉಸಿರು ಅದೇ.
ತಂತಿ ಯಾವ ಕಡೆ ಕೊಡುತ್ತೀರಿ ಅನ್ನುವುದರ ಮೇಲೆ ಇದೆ.

ಮೊನ್ನೆ ಅಂಚೆ ಕಚೇರಿಯ ಮುಂದೆ ಕೀಲಿ ತೆಗೆದು ಇಳಿದೆ.
ಎಂಜಿನ್ ಆರಿದರೂ ಫ್ಯಾನು ತಿರುಗುತ್ತಲೇ ಇತ್ತು.
ಪಾದಚಾರಿ ದಾರಿಯಲ್ಲಿ ಡೊರೀನ್, ಕೈಯಲ್ಲಿ ಹಾಲಿನ ಕ್ಯಾನು.
ಬಾನೆಟ್ಟಿಗೆ ಕಿವಿ ಕೊಟ್ಟು ನಿಂತಳು.
‘ಆಫ್ ಮಾಡಿದೀಯಲ್ಲ, ಇನ್ನೂ ಯಾಕೆ?’
‘ಒಳಗೆ ಕಾವಿದೆ. ಆರೋವರೆಗೂ ಓಡುತ್ತೆ,
ಆಮೇಲೆ ತಾನೇ ನಿಲ್ಲುತ್ತೆ.’
‘ಎಷ್ಟು ಹೊತ್ತು?’
‘ಇವತ್ತಿನ ಬಿಸಿಲಿಗೆ... ಹೇಳಕ್ಕಾಗಲ್ಲ.’
ಅವಳು ಕ್ಯಾನು ನೆಲಕ್ಕಿಟ್ಟಳು.
ಹಾಲು ಕೆಟ್ಟೀತು ಅಂದೆ. ಕೆಡಲಿ ಅಂದಳು.